ಐದು ದಿನ, ಐದು ಕೆಜಿ: ಲಕ್ಷದ್ವೀಪದ ಹಡಗಿಗೆ ಬ್ಯಾಗ್ ಕಟ್ಟುವ ಲೆಕ್ಕ

ಸೆಮಿಸ್ಟರ್ ಪರೀಕ್ಷೆ ಮುಗಿಯುವ ಹೊತ್ತಿಗೆ ಕ್ಯಾಂಟೀನಿನಲ್ಲಿ ಒಂದೇ ಚರ್ಚೆ: ಈ ಸಲ ಎಲ್ಲಿಗೆ? ಗೋಕರ್ಣ, ಚಿಕ್ಕಮಗಳೂರು, ಪಾಂಡಿಚೇರಿ ಎಲ್ಲ ಸುತ್ತಿ ಬಂದು ಕೊನೆಗೆ ಯಾರಾದರೊಬ್ಬರು ಕೇಳ್ತಾರೆ, “ಹಡಗಲ್ಲಿ ಹೋದ್ರೆ ಹೇಗೆ?” ಬೆಂಗಳೂರಿನಲ್ಲಿ ಸಮುದ್ರ ಇಲ್ಲ, ನಿಜ. ಆದರೆ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಕೊಚ್ಚಿ. ಅಲ್ಲಿಂದ ಲಕ್ಷದ್ವೀಪಕ್ಕೆ ಸರ್ಕಾರಿ ಪ್ರಯಾಣಿಕ ಹಡಗುಗಳಿವೆ. ಎಂ.ವಿ. ಕವರತ್ತಿ ಹಡಗಿನ ‘ಸಮುದ್ರಂ’ ಪ್ಯಾಕೇಜ್ ಐದು ದಿನದ್ದು: ಕವರತ್ತಿ, ಕಲ್ಪೇನಿ, ಮಿನಿಕಾಯ್ ಎಂಬ ಮೂರು ದ್ವೀಪಗಳು, ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ.

ಎಲ್ಲಿ ಬುಕ್ ಮಾಡಬೇಕು, ಎಷ್ಟು ಖರ್ಚು ಅನ್ನೋದು ಈ ಪಾಠದ ವಿಷಯ ಅಲ್ಲ. ಬ್ಯಾಗಿನೊಳಗೆ ಏನಿರಬೇಕು, ಯಾಕಿರಬೇಕು ಅನ್ನೋದು ವಿಷಯ. ನಾವು ಎಂಜಿನಿಯರಿಂಗ್ ಓದುವವರಾದ್ದರಿಂದ ಲೆಕ್ಕ ಹಾಕಿಯೇ ನೋಡೋಣ.

ಮೊದಲ ಪ್ರಶ್ನೆ: ಬ್ಯಾಗ್ ಎಲ್ಲಿ ಕೈಕೊಡುತ್ತದೆ?

ಸೇತುವೆ ಡಿಸೈನ್ ಮಾಡುವಾಗ ಸರಾಸರಿ ಲೋಡ್ ನೋಡಿ ಸುಮ್ಮನಾಗ್ತೀವಾ? ಇಲ್ಲ. ಅತಿ ಹೆಚ್ಚು ಒತ್ತಡ ಬೀಳುವ ಜಾಗ, ಅಂದರೆ ಕ್ರಿಟಿಕಲ್ ಸೆಕ್ಷನ್ ಎಲ್ಲಿದೆ ಅಂತ ಹುಡುಕಿ, ಅದು ತಡೆಯುವ ಹಾಗೆ ಮಾಡ್ತೀವಿ. ಬ್ಯಾಗಿಗೂ ಇದೇ ನಿಯಮ. ಮನೆಯ ಹಾಲಿನಲ್ಲಿ ಟ್ರಾಲಿ ಸೂಟ್‌ಕೇಸನ್ನು ಬೆರಳಲ್ಲಿ ತಳ್ಳಿ “ಹಗುರ ಇದೆ ಬಿಡು” ಅಂದರೆ ಅದು ಪರೀಕ್ಷೆ ಅಲ್ಲ. ಚಕ್ರ ಕೆಲಸ ಮಾಡೋದು ನುಣುಪಾದ ನೆಲದ ಮೇಲೆ ಮಾತ್ರ.

ಬನಶಂಕರಿಯ ಪಿಜಿಯಿಂದ ಹೊರಟವರ ದಾರಿಯನ್ನೇ ನೋಡಿ. ಪಿಜಿಯ ಮೂರನೇ ಮಹಡಿಯಿಂದ ಇಳಿಯಬೇಕು. ಮೆಟ್ರೋ ಹತ್ತಿ ಮೆಜೆಸ್ಟಿಕ್‌ಗೆ. ಅಲ್ಲಿಂದ ರೈಲು ನಿಲ್ದಾಣದ ಮೆಟ್ಟಿಲು, ಬೋಗಿಯ ಎತ್ತರದ ಪಾವಟಿಗೆ. ಬೆಳಗ್ಗೆ ಎರ್ನಾಕುಲಂನಲ್ಲಿ ಇಳಿದು ಆಟೋ. ಆಮೇಲೆ ವಿಲಿಂಗ್ಡನ್ ಐಲ್ಯಾಂಡಿನಲ್ಲಿ ತಪಾಸಣೆ, ಕೊನೆಗೆ ಹಡಗಿನ ಏಣಿ. ಅಂದಹಾಗೆ, ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುವ ರೈಲಿಗೆ ‘ಐಲ್ಯಾಂಡ್ ಎಕ್ಸ್‌ಪ್ರೆಸ್’ ಅಂತ ಹೆಸರು ಬಂದಿದ್ದೇ ಈ ವಿಲಿಂಗ್ಡನ್ ಐಲ್ಯಾಂಡಿನಿಂದ. ಮೊದಲು ಅದು ಅಲ್ಲಿನ ಕೊಚ್ಚಿನ್ ಹಾರ್ಬರ್ ಟರ್ಮಿನಸ್ ತನಕ ಓಡುತ್ತಿತ್ತು.

ಇಷ್ಟರಲ್ಲಿ ಎಷ್ಟು ಸಲ ಬ್ಯಾಗ್ ಎತ್ತಿ ಇಳಿಸಿದಿರಿ? ಕಡಿಮೆ ಅಂದರೂ ಹತ್ತು ಸಲ. ಆದರೂ ನಿಜವಾದ ಕ್ರಿಟಿಕಲ್ ಸೆಕ್ಷನ್ ಇನ್ನೂ ಬಂದಿಲ್ಲ. ಲಕ್ಷದ್ವೀಪದ ದ್ವೀಪಗಳೆಲ್ಲ ಹವಳದ ದಿಬ್ಬಗಳು. ಸುತ್ತಲಿನ ಲಗೂನಿನ ನೀರು ಆಳ ಇಲ್ಲ. ಹಾಗಾಗಿ ಎಲ್ಲ ಕಡೆಯೂ ದೊಡ್ಡ ಹಡಗು ನೇರ ಜೆಟ್ಟಿಗೆ ಬಂದು ನಿಲ್ಲೋಕೆ ಆಗೋದಿಲ್ಲ. ಹಡಗು ಆಳ ಇರುವ ಕಡೆ ನಿಲ್ಲುತ್ತೆ, ಪಕ್ಕಕ್ಕೆ ಸಣ್ಣ ದೋಣಿ ಬರುತ್ತೆ, ನೀವು ಹಡಗಿನ ಬದಿಯ ಬಾಗಿಲಿನಿಂದ ಆ ದೋಣಿಗೆ ಕಾಲಿಡಬೇಕು. ದೋಣಿ ಮೇಲೆ ಕೆಳಗೆ ಆಗ್ತಾ ಇರುತ್ತೆ. ಸಿಬ್ಬಂದಿ ಕೈ ಚಾಚಿ ಹಿಡ್ಕೋತಾರೆ. ಆ ಒಂದೆರಡು ಸೆಕೆಂಡ್ ನಿಮ್ಮ ಎರಡೂ ಕೈ ಖಾಲಿ ಇರಲೇಬೇಕು. ಇಡೀ ಪಾಠದ ಸಾರ ಇಷ್ಟೇ.

ಲೆಕ್ಕದಲ್ಲಿ ನೋಡಿದರೆ

12 ಕೆಜಿ ಸೂಟ್‌ಕೇಸನ್ನು ಒಂದು ಕೈಯಲ್ಲಿ ಹಿಡಿದಿದ್ದೀರಿ, ಅದರ ಭಾರಕೇಂದ್ರ ನಿಮ್ಮ ದೇಹದ ನಡುಗೆರೆಯಿಂದ 0.4 ಮೀಟರ್ ದೂರ ಇದೆ ಅಂದುಕೊಳ್ಳಿ. ನಿಮ್ಮನ್ನು ಪಕ್ಕಕ್ಕೆ ವಾಲಿಸುವ ಮೊಮೆಂಟ್ 12 × 9.8 × 0.4, ಅಂದರೆ ಸುಮಾರು 47 ನ್ಯೂಟನ್-ಮೀಟರ್. ಅದೇ 5 ಕೆಜಿ ಬ್ಯಾಗ್ ಬೆನ್ನಿಗೆ ಅಂಟಿಕೊಂಡಿದ್ದರೆ, ದೂರ 0.15 ಮೀಟರ್ ಅಂತಿಟ್ಟುಕೊಂಡರೂ ಮೊಮೆಂಟ್ 7.4 ಮಾತ್ರ. ತೂಕ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಆಯಿತು, ಆದರೆ ವಾಲಿಸುವ ಪ್ರಭಾವ ಆರನೇ ಒಂದು ಭಾಗಕ್ಕಿಂತ ಕೆಳಗೆ ಇಳಿಯಿತು.

ಇನ್ನು ದೋಣಿ ಮೇಲಕ್ಕೆ ಏಳುವ ಹೊತ್ತಿನಲ್ಲಿ ಅದರ ವೇಗೋತ್ಕರ್ಷ 2 ಮೀ/ಸೆ² ಇದೆ ಅನ್ನಿ. ಲಿಫ್ಟಿನ ಲೆಕ್ಕ ನೆನಪಿದೆಯಲ್ಲ, F = m(g + a). ಕೈಗೆ 12 ಕೆಜಿ ಬ್ಯಾಗ್ 14.4 ಕೆಜಿಯ ಹಾಗೆ ಎಳೆಯುತ್ತೆ. 5 ಕೆಜಿ ಬ್ಯಾಗ್ 6 ಕೆಜಿ ಅನ್ನಿಸುತ್ತೆ, ಅದೂ ಹೆಗಲ ಮೇಲೆ. ಯಾವುದು ಸುರಕ್ಷಿತ ಅಂತ ಬಿಡಿಸಿ ಹೇಳಬೇಕಿಲ್ಲ.

‘ಸಮುದ್ರಂ’ ಥರದ ಪ್ರವಾಸದಲ್ಲಿ ರಾತ್ರಿ ಮಲಗೋದು ಹಡಗಿನಲ್ಲೇ, ಆದ್ದರಿಂದ ದೊಡ್ಡ ಬ್ಯಾಗ್ ಅಲ್ಲೇ ಬಿಟ್ಟು ಹೋಗಬಹುದು. ದೋಣಿಗೆ ಹೋಗೋದು ದಿನದ ಚೀಲ ಮಾತ್ರ. ದ್ವೀಪದಲ್ಲೇ ಉಳಿಯುವ ಪ್ಯಾಕೇಜ್ ಆದರೆ ಇಡೀ ಬ್ಯಾಗ್ ದೋಣಿಗೆ ಇಳಿಯುತ್ತೆ. ಎರಡಕ್ಕೂ ಸರಿಹೋಗುವ ಡಿಸೈನ್ ಒಂದೇ: 30 ಲೀಟರಿನ ಒಂದು ಬ್ಯಾಕ್‌ಪ್ಯಾಕ್, ಅದರೊಳಗೆ ಮಡಚಿಟ್ಟ ಒಂದು ತೆಳು ಹೆಗಲಚೀಲ. ಟ್ರಾಲಿ ಬೇಡ.

ಪಟ್ಟಿ, ಗ್ರಾಂ ಸಮೇತ

ಬ್ಯಾಗ್ ಕಟ್ಟುವಾಗ ನಾವು ಮಾಡೋದು ಗ್ರೀಡಿ ಅಲ್ಗಾರಿದಮ್. ಕಣ್ಣಿಗೆ ಬಿದ್ದ ಮುಖ್ಯ ವಸ್ತುವನ್ನು ಮೊದಲು ತುಂಬೋದು, ಜಾಗ ಇರೋ ತನಕ ತುಂಬುತ್ತಾ ಹೋಗೋದು. ನ್ಯಾಪ್‌ಸ್ಯಾಕ್ ಪ್ರಾಬ್ಲಮ್ ಓದಿದವರಿಗೆ ಗೊತ್ತು, ವಸ್ತುವನ್ನು ತುಂಡು ಮಾಡೋಕೆ ಆಗದಿದ್ದಾಗ ಗ್ರೀಡಿ ಯಾವಾಗಲೂ ಸರಿಯಾದ ಉತ್ತರ ಕೊಡೋದಿಲ್ಲ. 500 ಗ್ರಾಂ ಜಾಗ ಉಳಿದಿದೆ ಅನ್ನಿ. 300 ಗ್ರಾಂ ವಸ್ತುವಿನ ಉಪಯೋಗಕ್ಕೆ 36 ಅಂಕ, ತಲಾ 250 ಗ್ರಾಂನ ಎರಡು ವಸ್ತುಗಳಿಗೆ 25 ಅಂಕ. ಗ್ರಾಂಗೆ ಹೆಚ್ಚು ಅಂಕ ಅಂತ ಮೊದಲನೆಯದನ್ನು ತುಂಬಿದರೆ 36ಕ್ಕೆ ನಿಂತಿರಿ. ಮಿಕ್ಕ ಎರಡನ್ನು ತುಂಬಿದ್ದರೆ 50 ಆಗ್ತಿತ್ತು. ಪಾಠ ಏನಪ್ಪಾ ಅಂದ್ರೆ, ಮೊದಲು ಎಲ್ಲವನ್ನೂ ಹಾಸಿಗೆ ಮೇಲೆ ಹರಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬರೆದಿಟ್ಟು ಆಮೇಲೆ ಆರಿಸಿ.

ಮೈಮೇಲೆ ಹಾಕಿಕೊಂಡ ಒಂದು ಜೊತೆ ಬಟ್ಟೆ ಮತ್ತು ಸ್ಯಾಂಡಲ್ ಬಿಟ್ಟು, ಐದು ದಿನಕ್ಕೆ ಇಷ್ಟು ಸಾಕು. ತೂಕ ಅಂದಾಜಿನದು, ನಿಮ್ಮದನ್ನು ನೀವೇ ತೂಗಿಕೊಳ್ಳಿ.

- ಟಿ-ಶರ್ಟ್ ಅಥವಾ ಕುರ್ತಾ 3: 480 ಗ್ರಾಂ
- ತೆಳು ಪ್ಯಾಂಟ್ ಅಥವಾ ಪೈಜಾಮ 2: 500
- ಒಳ ಉಡುಪು 4 ಜೊತೆ: 280
- ನೀರಿಗಿಳಿಯುವ ಬಟ್ಟೆ 1 ಜೊತೆ: 300
- ತೆಳು ಟವೆಲ್ 1: 150
- ಗಾಳಿ ತಡೆಯುವ ಜಾಕೆಟ್ 1: 300
- ಸೋಪು, ಪೇಸ್ಟ್, ಬ್ರಷ್, ಸನ್‌ಸ್ಕ್ರೀನ್, ಎಲ್ಲ ಸಣ್ಣ ಅಳತೆಯವು: 350
- ಔಷಧಿ: 100
- ಪವರ್ ಬ್ಯಾಂಕ್: 220
- ಚಾರ್ಜರ್, ಕೇಬಲ್: 130
- ಖಾಲಿ ಸ್ಟೀಲ್ ಬಾಟಲಿ: 300
- ಹವಾಯಿ ಚಪ್ಪಲಿ: 300
- ಪರ್ಮಿಟ್, ಗುರುತಿನ ಚೀಟಿ, ಜೆರಾಕ್ಸ್ ಪ್ರತಿಗಳು: 100
- ಬ್ಯಾಗಿನ ಸ್ವಂತ ತೂಕ: 800

ಒಟ್ಟು 4,310 ಗ್ರಾಂ. ಬಾಟಲಿಗೆ ಸುಮಾರು 700 ಮಿಲಿ ನೀರು ತುಂಬಿಸಿದರೆ ಸರಿಯಾಗಿ ಐದು ಕೆಜಿ. ಪ್ಯಾಡ್ ಬೇಕಾದವರು ಪೂರ್ತಿ ಐದು ದಿನಕ್ಕಾಗುವಷ್ಟು ಇಲ್ಲಿಂದಲೇ ಒಯ್ಯಿರಿ, ತೂಕ ಉಳಿಸೋಕೆ ಅದು ಜಾಗ ಅಲ್ಲ.

ಜೀನ್ಸ್ ಯಾಕೆ ಬೇಡ?

ಒಂದು ಜೀನ್ಸ್ 600–700 ಗ್ರಾಂ ತೂಗುತ್ತೆ. ಆದರೆ ತೊಂದರೆ ತೂಕಕ್ಕಿಂತ ಒದ್ದೆಯದು. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ಒಣ ತೂಕದ ಸುಮಾರು 8 ಶೇಕಡಾ ತೇವವನ್ನು ಗಾಳಿಯಿಂದಲೇ ಹೀರಿಕೊಂಡಿರುತ್ತೆ, ಪಾಲಿಯೆಸ್ಟರ್ 1 ಶೇಕಡಾಕ್ಕಿಂತ ಕಡಿಮೆ. ದಪ್ಪ ಹತ್ತಿ ಒಂದು ಸಲ ನೆನೆದರೆ ಕಡಲ ಗಾಳಿಯಲ್ಲಿ ಬೇಗ ಒಣಗೋದೇ ಇಲ್ಲ. ಸಮುದ್ರದ ನೀರಿನಲ್ಲಿ ನೆನೆದರಂತೂ ಉಪ್ಪು ಬಟ್ಟೆಯಲ್ಲೇ ಉಳಿದು ಮತ್ತೆ ಮತ್ತೆ ತೇವ ಎಳೆದುಕೊಳ್ಳುತ್ತೆ. ಮಂಗಳೂರು ಕಡೆಯವರು ಬೈರಾಸ್ ಅನ್ನೋ ತೆಳು ಟವೆಲ್ಲನ್ನೇ ನಂಬಿರೋದಕ್ಕೆ ಕಾರಣ ಇದೇ: ಹಿಂಡಿ ಹರವಿದರೆ ಬೇಗ ಒಣಗುತ್ತೆ. ಮನೆಯ ದಪ್ಪ ಟರ್ಕಿ ಟವೆಲ್ ಮನೆಯಲ್ಲೇ ಇರಲಿ. ಇನ್ನೊಂದು ಮಾತು, ದ್ವೀಪದ ಊರುಗಳಲ್ಲಿ ಓಡಾಡುವಾಗ ಮೈ ಮುಚ್ಚುವ ಬಟ್ಟೆ ಇರಲಿ, ಅಲ್ಲಿನ ಜನರ ರೂಢಿ ಅದು. ತೆಳು ಪೈಜಾಮ, ಕುರ್ತಾ ಎರಡೂ ಕೆಲಸಕ್ಕಾಗುತ್ತೆ.

ಪವರ್ ಬ್ಯಾಂಕ್ ಎಷ್ಟು ದೊಡ್ಡದು? 10,000 ಎಂಎಎಚ್ × 3.7 ವೋಲ್ಟ್ = 37 ವ್ಯಾಟ್-ಅವರ್. ನಿಮ್ಮ ಫೋನಿನ 5,000 ಎಂಎಎಚ್ ಬ್ಯಾಟರಿ ಸುಮಾರು 19 ವ್ಯಾಟ್-ಅವರ್. ದಾರಿಯಲ್ಲಿ 30 ಶೇಕಡಾ ನಷ್ಟ ಅಂದರೂ ಒಂದು ಪೂರ್ತಿ ಚಾರ್ಜ್, ಮೇಲೆ ಇನ್ನೊಂದಿಷ್ಟು ಸಿಗುತ್ತೆ. ರಾತ್ರಿ ಹಡಗಿನಲ್ಲಿ ಮತ್ತೆ ತುಂಬಿಸಬಹುದು. 20,000ದ್ದು ಬೇಕಿಲ್ಲ. ಲ್ಯಾಪ್‌ಟಾಪ್? ಚಾರ್ಜರ್ ಸೇರಿ ಎರಡೂವರೆ ಕೆಜಿ, ಅಂದರೆ ಇಡೀ ಬ್ಯಾಗಿನ ಅರ್ಧ. ಅಸೈನ್‌ಮೆಂಟ್ ಇದ್ದರೆ ಮುಗಿಸಿ ಹೊರಡಿ.

ನಾಲ್ವರಿದ್ದರೆ

ಗುಂಪಿನಲ್ಲಿ ಹೋದಾಗ ಹಂಚಿಕೊಳ್ಳುವ ವಸ್ತುಗಳನ್ನು ಒಬ್ಬೊಬ್ಬರಿಗೆ ಒಂದೊಂದು ಕೊಡಿ. ಎಲ್ಲರಿಗೂ ಸೇರಿ ಒಂದು ಶಾಂಪೂ, ಒಂದು ಟಾರ್ಚ್, ಒಂದು ಮಲ್ಟಿಪ್ಲಗ್, ಒಂದು ಔಷಧಿ ಪೊಟ್ಟಣ. ಆದರೆ ಪರ್ಮಿಟ್, ಗುರುತಿನ ಚೀಟಿ, ನಗದು ಮಾತ್ರ ಅವರವರ ಹತ್ತಿರವೇ ಇರಬೇಕು. 1967ರ ನಿಯಮಗಳ ಪ್ರಕಾರ ಹೊರಗಿನವರು ಅನುಮತಿ ಪತ್ರ ಇಲ್ಲದೆ ಲಕ್ಷದ್ವೀಪಕ್ಕೆ ಹೋಗುವಂತಿಲ್ಲ. ನಾಲ್ವರ ಪತ್ರವೂ ಒಬ್ಬನ ಬ್ಯಾಗಿನಲ್ಲಿದ್ದು ಆ ಬ್ಯಾಗ್ ಆಟೋದಲ್ಲೇ ಉಳಿದುಬಿಟ್ಟರೆ ನಾಲ್ವರ ಪ್ರವಾಸವೂ ಮುಗಿಯಿತು. ಇದೇ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಫೋನಿನಲ್ಲಿರುವ ಫೋಟೋ ನಂಬಬೇಡಿ, ಕಾಗದದ ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿರಲಿ.

ಹಡಗಿನಲ್ಲಿ ತಲೆಸುತ್ತು, ವಾಂತಿ ಬರುವವರು ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ. ತೂಕವೇ ಇಲ್ಲದ ಇನ್ನೊಂದು ಮದ್ದೂ ಇದೆ: ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಇರಿ. ಹಡಗು ಏತದ ಹಾಗೆ ಮುಂದೆ ಹಿಂದೆ ತೂಗುವಾಗ ತುದಿಗಳ ಚಲನೆ ಹೆಚ್ಚು, ನಡುವೆ ಕಡಿಮೆ.

ಇನ್ನು ಅಮ್ಮ ಕಟ್ಟಿಕೊಡುವ ಚಕ್ಕುಲಿ, ಕೋಡುಬಳೆಯ ಡಬ್ಬ. ಬೇಡ ಅನ್ನೋಕೆ ಯಾರಿಗೂ ಧೈರ್ಯ ಇಲ್ಲ, ಅನ್ನೋದೂ ಬೇಡ. ಸ್ಟೀಲ್ ಡಬ್ಬದ ಬದಲು ಬಟ್ಟೆ ಚೀಲದಲ್ಲಿ ಕೊಡಿ ಅಂತ ಕೇಳಿ, ರೈಲಿನಲ್ಲೇ ಹಂಚಿ ಖಾಲಿ ಮಾಡಿ.

ಒಯ್ದ ಭಾರ ಯಾರ ಹೆಗಲಿಗೆ?

ಲಕ್ಷದ್ವೀಪ ನಮಗೆ ದೂರದ ಊರೇನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಅಮಿನ್‌ದಿವಿ ದ್ವೀಪಗಳು 1956ರ ತನಕ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ತೆಂಗಿನ ನಾರು ಅಲ್ಲಿಂದ ಮಂಗಳೂರಿಗೆ, ಅಕ್ಕಿ ಮಂಗಳೂರಿನಿಂದ ಅಲ್ಲಿಗೆ. ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳಲ್ಲಿ ತರಕಾರಿ, ದಿನಸಿ, ಕಟ್ಟಡದ ಸಾಮಾನು ಆ ದ್ವೀಪಗಳಿಗೆ ಹೋಗುತ್ತೆ. ಅಲ್ಲಿನ ಒಂದೊಂದು ಇಟ್ಟಿಗೆಯನ್ನೂ ಯಾರೋ ಹಡಗಿಗೆ ಹತ್ತಿಸಿ, ಯಾರೋ ಇಳಿಸಿದ್ದಾರೆ.

ಇಡೀ ಲಕ್ಷದ್ವೀಪದ ನೆಲ ಸುಮಾರು 32 ಚದರ ಕಿಲೋಮೀಟರ್ ಮಾತ್ರ. ಅಲ್ಲಿ ನದಿ ಇಲ್ಲ, ಕಸ ಸುರಿಯೋಕೆ ಜಾಗ ಇಲ್ಲ. ಕವರತ್ತಿಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 2005ರಲ್ಲಿ ಕಟ್ಟಿದ ಸ್ಥಾವರ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಸಾಮರ್ಥ್ಯದ್ದು. ಮೇಲ್ಮೈಯ ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದಿಂದ ಎತ್ತಿದ ತಣ್ಣನೆಯ ನೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುತ್ತಾರೆ. ಥರ್ಮೋಡೈನಮಿಕ್ಸ್ ಕ್ಲಾಸಿನಲ್ಲಿ ನಿದ್ದೆ ಮಾಡಿದವರು ಇನ್ನೊಂದ್ಸಲ ಓದಿ. ಅಷ್ಟು ಕಷ್ಟಪಟ್ಟು ತೆಗೆದ ನೀರನ್ನು ದಿನಾ ಬಟ್ಟೆ ಒಗೆಯೋಕೆ ಬಳಸೋದು ತರವಲ್ಲ. ಅದಕ್ಕೇ ಒಂದು ಟಿ-ಶರ್ಟ್ ಎರಡು ಸಲ ಹಾಕಿ, ಉಪ್ಪು ಹೋಗುವಷ್ಟು ಮಾತ್ರ ಜಾಲಿಸಿ. ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪೊಟ್ಟಣ ಒಯ್ದರೆ ಖಾಲಿಯಾದದ್ದನ್ನು ವಾಪಸ್ ತನ್ನಿ. ಹವಳದ ತುಂಡು ಮಾತ್ರ ತರಬೇಡಿ, ಅದು ಕಾನೂನಿನ ಪ್ರಕಾರ ಅಪರಾಧ.

ಬಿಡಿಸಿ ನೋಡಿ

1. ಬ್ಯಾಗ್ ಪೂರ್ತಿ ತುಂಬಿ, ಹೆಗಲಿಗೆ ಹಾಕಿ, ಜಯನಗರ 9ನೇ ಬ್ಲಾಕಿನ ರಾಗಿಗುಡ್ಡದ ಮೆಟ್ಟಿಲು ಹತ್ತಿ ಇಳಿಯಿರಿ. ಕೈ ಒಂದು ಸಲವೂ ಬ್ಯಾಗನ್ನು ಹಿಡಿಯೋಕೆ ಹೋಗಬಾರದು. ಹೋದರೆ ಪಟ್ಟಿಯಿಂದ ಏನು ತೆಗೆಯುತ್ತೀರಿ?

2. ಸಂಜೆ ಆರಕ್ಕೆ ಬಿಟಿಎಂ ಲೇಔಟಿನಲ್ಲಿ ಅದೇ ಬ್ಯಾಗಿನ ಸಮೇತ ಬಿಎಂಟಿಸಿ ಬಸ್ ಹತ್ತಿ. ಪಕ್ಕದವರು ಎಷ್ಟು ಸಲ “ಸ್ವಲ್ಪ ಬ್ಯಾಗ್ ತೆಗೀರಿ” ಅಂದರು?

3. ಪಟ್ಟಿಯ ಪ್ರತಿ ವಸ್ತುವಿನ ಎದುರು, ಅದು ಇಲ್ಲದಿದ್ದರೆ ನಿಜವಾಗಿ ಏನಾಗುತ್ತೆ ಅಂತ ಒಂದು ಸಾಲು ಬರೆಯಿರಿ. “ಬೇಕಾಗಬಹುದು” ಅಂತಷ್ಟೇ ಬರೆದ ವಸ್ತುಗಳ ತೂಕ ಕೂಡಿಸಿ. ಆ ಮೊತ್ತ ಒಂದು ಕೆಜಿ ದಾಟಿದರೆ ಬ್ಯಾಗನ್ನು ಮತ್ತೆ ಹಾಸಿಗೆ ಮೇಲೆ ಸುರಿಯಿರಿ.