ಟ್ಯಾಕ್ಸಿ ಅಣ್ಣನ ಉದ್ದರಿ ಪುಸ್ತಕ

ನಮ್ಮ ಊರು ಆಗುಂಬೆಯ ಹತ್ತಿರ. ತೀರ್ಥಹಳ್ಳಿ ತಾಲೂಕು, ಶಿವಮೊಗ್ಗ ಜಿಲ್ಲೆ. ಸುತ್ತ ಕಾಡು. ನಡುವೆ ಗದ್ದೆ, ತೋಟ. ಅಲ್ಲೊಂದು ಮನೆ, ಇಲ್ಲೊಂದು ಮನೆ. ಮಳೆ ಅಂದರೆ ನಮ್ಮ ಕಡೆಯ ಮಳೆ. ಜೂನ್ ತಿಂಗಳಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ.

ಊರಿನಿಂದ ಟಾರು ರಸ್ತೆಗೆ ಎರಡು ಮೈಲಿ. ನಡುವೆ ಒಂದು ಹಳ್ಳ. ಹಳ್ಳಕ್ಕೆ ಅಡಿಕೆ ಮರದ ಸಂಕ. ಟಾರು ರಸ್ತೆಗೆ ಬಂದರೆ ಒಂದು ಕಡೆ ತೀರ್ಥಹಳ್ಳಿ. ಆಗುಂಬೆಯಿಂದ ಅಲ್ಲಿಗೆ ಸುಮಾರು 30 ಕಿಲೋಮೀಟರು. ಇನ್ನೊಂದು ಕಡೆ ಘಾಟಿ. ಘಾಟಿಯಲ್ಲಿ 14 ತಿರುವುಗಳು. ಇಳಿದರೆ ಸೋಮೇಶ್ವರ, ಹೆಬ್ರಿ, ಆಮೇಲೆ ಮಣಿಪಾಲ. ತಿರುವುಗಳು ಇಕ್ಕಟ್ಟು. ಅಲ್ಲಿ ಓಡುವುದು ಸಣ್ಣ ಬಸ್ಸು. ಆಗೆಲ್ಲ ರಾತ್ರಿ ಹೊತ್ತು ನಮಗೆ ಯಾವ ಬಸ್ಸೂ ಸಿಗುತ್ತಿರಲಿಲ್ಲ. ಫೋನೂ ಇರಲಿಲ್ಲ.

ನಮಗೆ ಇದ್ದವರು ಒಬ್ಬರೇ. ಟ್ಯಾಕ್ಸಿ ಅಣ್ಣ.

ಅವರಿಗೆ ಬೇರೆ ಹೆಸರು ಇತ್ತು. ಆದರೆ ಊರಲ್ಲಿ ಯಾರೂ ಆ ಹೆಸರು ಹಿಡಿದು ಕರೆಯಲಿಲ್ಲ. ಮಕ್ಕಳಿಗೂ ಟ್ಯಾಕ್ಸಿ ಅಣ್ಣ, ಮುದುಕರಿಗೂ ಟ್ಯಾಕ್ಸಿ ಅಣ್ಣ. 1985ರಲ್ಲಿ ಅವರು ಒಂದು ಹಳೆಯ ಅಂಬಾಸಿಡರ್ ಕಾರು ತಂದರು. ಟಾರು ರಸ್ತೆಯ ಪಕ್ಕದಲ್ಲೇ ಅವರ ಮನೆ. ಹಗಲು ಆಗುಂಬೆ ಪೇಟೆಯಲ್ಲಿ ಬಾಡಿಗೆಗೆ ಕಾಯುತ್ತಿದ್ದರು. ರಾತ್ರಿ ಕಾರು ಮನೆಯ ಅಂಗಳದಲ್ಲಿ ಇರುತ್ತಿತ್ತು.

ಯಾರಿಗಾದರೂ ಹೆರಿಗೆ ನೋವು ಬಂದರೆ ಹೀಗೆ ಮಾಡುತ್ತಿದ್ದೆವು. ಒಬ್ಬರು ಬ್ಯಾಟರಿ ಹಿಡಿದು ಅಣ್ಣನ ಮನೆಗೆ ಓಡುವುದು. ನಾಲ್ಕು ಜನ ಕಂಬಳಿ ಜೋಲಿ ಕಟ್ಟಿ ಬಸುರಿಯನ್ನು ಹೊತ್ತು ತರುವುದು. ಸಂಕ ದಾಟುವಾಗ ಎಲ್ಲರ ಜೀವವೂ ಕೈಯಲ್ಲಿ.

ಅಣ್ಣ ಬಾಗಿಲು ತೆಗೆದು ಮೊದಲು ಒಂದೇ ಮಾತು ಕೇಳುತ್ತಿದ್ದರು.

"ನೋವು ಬಂದು ಎಷ್ಟು ಹೊತ್ತಾಯ್ತು?"

ದುಡ್ಡಿನ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ನಾವೇ ಹೇಳಿದರೆ, "ಗದ್ದೆ ಕೊಯ್ದ ಮೇಲೆ ನೋಡುವ ಮಾರಾಯ್ತಿ, ಈಗ ಹತ್ತು" ಅನ್ನುತ್ತಿದ್ದರು.

ಮೇಲಿನಮನೆ ಅಕ್ಕನಿಗೆ ಹೆರಿಗೆ ಆಗಿದ್ದು ಕಾರಿನಲ್ಲೇ. ಘಾಟಿಯ ಏಳನೇ ತಿರುವಿನಲ್ಲಿ. ಜೊತೆಗೆ ಬಂದಿದ್ದ ಅಜ್ಜಿ ಮಗುವನ್ನು ಹಿಡಿದರು. ಅಣ್ಣ ಕಾರು ನಿಲ್ಲಿಸಿ, ಆಚೆ ಮುಖ ಮಾಡಿ, ಮಳೆಯಲ್ಲೇ ನಿಂತರು. ಆ ಮಗುವಿಗೆ ಈಗ ಮೀಸೆ ಬಂದಿದೆ. ಊರಿನವರು ಅವನನ್ನು ಈಗಲೂ "ಏಳನೇ ತಿರುವು" ಅಂತಲೇ ಕರೆಯುವುದು.

ಅಣ್ಣ ಹೋದ ಮೇಲೆ

2019ರ ಮಳೆಗಾಲದಲ್ಲಿ ಟ್ಯಾಕ್ಸಿ ಅಣ್ಣ ತೀರಿಕೊಂಡರು. ಹದಿಮೂರನೇ ದಿನ ಊರಿಗೆ ಊರೇ ಅವರ ಅಂಗಳದಲ್ಲಿ ಸೇರಿತ್ತು. ಒಬ್ಬೊಬ್ಬರದು ಒಂದೊಂದು ಕಥೆ. ಹಾವು ಕಚ್ಚಿದವನನ್ನು ಕರೆದುಕೊಂಡು ಹೋದದ್ದು. ಪರೀಕ್ಷೆಗೆ ಬಸ್ಸು ತಪ್ಪಿದ ಹುಡುಗಿಯನ್ನು ಬಿಟ್ಟು ಬಂದದ್ದು. ಕೇಳಿ ಅತ್ತವರೂ ಇದ್ದರು, ನಕ್ಕವರೂ ಇದ್ದರು. ಕಾರು ಹಿತ್ತಲಲ್ಲಿ ನಿಂತಿತ್ತು. ಅದರ ಮೇಲೆ ಹಾವಸೆ ಕಟ್ಟಿತ್ತು.

ಆಮೇಲೆ ನಮ್ಮ ಊರಿನಲ್ಲಿ ಕಲಿಕಾ ಕೇಂದ್ರ ಶುರುವಾಯಿತು. ಸಂಜೆ ಕೆಲಸ ಮುಗಿಸಿ ನಾವು ಹದಿನೈದು ಜನ ಹೆಂಗಸರು ಸೇರುತ್ತಿದ್ದೆವು. ಅಣ್ಣನ ಹೆಂಡತಿಯೂ ಬರತೊಡಗಿದರು. ಅವರನ್ನು ನಾವು ಅತ್ತಿಗೆ ಅನ್ನುತ್ತೇವೆ.

ಒಂದು ದಿನ ಅತ್ತಿಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪುಸ್ತಕ ತಂದರು.

"ಇದು ಅವರ ಉದ್ದರಿ ಪುಸ್ತಕ. ನನಗೆ ಪೂರಾ ಓದಲಿಕ್ಕೆ ಬರುವುದಿಲ್ಲ. ಮಾಡು ಸೋರುತ್ತಿದೆ. ಮಳೆಗೆ ಮೊದಲು ಹಂಚು ಹಾಕಿಸಬೇಕು. ಯಾರಾದರೂ ಕೊಡುವುದು ಬಾಕಿ ಇದ್ದರೆ ನೋಡಿ. ಗಂಡಸರ ಕೈಯಲ್ಲಿ ಕೊಟ್ಟರೆ ಮಾತು ಬೆಳೆಯುತ್ತದೆ. ನೀವೇ ಓದಿ."

ನಮಗೆ ಎದೆ ಧಸಕ್ ಅಂದಿತು. ಅದರಲ್ಲಿ ನಮ್ಮ ಮನೆಗಳ ಸಾಲವೇ ಇರಬೇಕಲ್ಲ! ಆದರೂ ಓದಿದೆವು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆವು.

ಅಣ್ಣ ಗೆರೆ ಎಳೆದು ಅಚ್ಚುಕಟ್ಟಾಗಿ ಬರೆದಿದ್ದರು. ಮೊದಲು ತಾರೀಕು. ಆಮೇಲೆ ಮನೆಯ ಹೆಸರು. ನೋವು ಶುರುವಾದ ಹೊತ್ತು. ತನ್ನನ್ನು ಕರೆದ ಹೊತ್ತು. ಬಾಡಿಗೆ. ಕೊನೆಯಲ್ಲಿ ಒಂದು ಮಾತು.

"ಗಂಡು ಮಗು. ತಾಯಿ ಕ್ಷೇಮ."
"ಹೆಣ್ಣು ಮಗು. ತಾಯಿ ಕ್ಷೇಮ. ಬೆಲ್ಲ ಕೊಟ್ಟರು."
"ಅವಳಿ. ಎಲ್ಲರೂ ಕ್ಷೇಮ."

ನಮ್ಮ ನಮ್ಮ ಮನೆಯ ಹೆಸರು ಬಂದಾಗ ಮೈ ಜುಮ್ ಅಂದಿತು. ಆ ರಾತ್ರಿಗಳು ನಮಗೆ ನೆನಪಿದ್ದವು. ಆದರೆ ಅದನ್ನು ಒಬ್ಬರು ಬರೆದು ಇಟ್ಟಿದ್ದಾರೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದರೂ ಆಗ ನಮಗೆ ಓದು ಬರುತ್ತಿರಲಿಲ್ಲ.

1993ನೇ ಇಸವಿಯ ಪುಟ ಬಂತು. ಜುಲೈ ತಿಂಗಳು. ಓದುತ್ತಿದ್ದವಳು ಸುಮ್ಮನಾದಳು. ನಮ್ಮಲ್ಲೆಲ್ಲ ಹಿರಿಯರಾದ ದೊಡ್ಡಮ್ಮ ಕೈ ಚಾಚಿದರು.

"ಇಲ್ಲಿ ಕೊಡು. ಅದು ನಮ್ಮ ಮನೆಯದು."

ದೊಡ್ಡಮ್ಮ ಬೆರಳು ಇಟ್ಟು ನಿಧಾನ ಓದಿದರು.

"ನೋವು ನಿನ್ನೆ ಬೆಳಗ್ಗೆ 6ಕ್ಕೆ. ಕರೆದದ್ದು ಇವತ್ತು ರಾತ್ರಿ 9ಕ್ಕೆ. ತಡ ಆಯಿತು."

ಬಾಡಿಗೆಯ ಜಾಗ ಖಾಲಿ ಇತ್ತು. ತಾಯಿ ಕ್ಷೇಮ ಎಂಬ ಮಾತು ಇರಲಿಲ್ಲ.

ನಾವು ಬೆರಳು ಮಡಚಿ ಎಣಿಸಿದೆವು. ನೋವು ಬಂದಾಗಿನಿಂದ ಅಣ್ಣನನ್ನು ಕರೆಯುವವರೆಗೆ 39 ಗಂಟೆ.

ದೊಡ್ಡಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ನನ್ನ ಸೊಸೆ. ಚೊಚ್ಚಲು. ಮನೆಯಲ್ಲೇ ಆಗುತ್ತದೆ, ನನಗೆ ಐದು ಆಗಲಿಲ್ಲವಾ ಅಂದವಳು ನಾನೇ. ಆಮೇಲೆ ಕೈಯಲ್ಲಿ ದುಡ್ಡಿಲ್ಲ, ಯಾರ ಹತ್ತಿರ ಆದರೂ ತರುವ ಅಂತ ಮತ್ತೂ ಕಾದೆವು. ಅವರು ದುಡ್ಡು ಕೇಳುವವರೇ ಅಲ್ಲ. ಘಾಟಿ ಇಳಿಯುವಾಗಲೇ ಅವಳು ಹೋದಳು. ಮಗುವೂ ಉಳಿಯಲಿಲ್ಲ."

ಯಾರೂ ಮಾತಾಡಲಿಲ್ಲ. ಅತ್ತಿಗೆ ಎದ್ದು ಹೋಗಿ ದೊಡ್ಡಮ್ಮನ ಪಕ್ಕ ಕೂತರು.

"ಆ ರಾತ್ರಿ ಅವರು ಊಟ ಮಾಡಲಿಲ್ಲ ಅಮ್ಮ. ಇನ್ನೂ ಸ್ವಲ್ಪ ಜೋರು ಬಿಡಬೇಕಿತ್ತು ಅಂತ ಹೇಳುತ್ತಿದ್ದರು."

"ಅವನ ತಪ್ಪಲ್ಲ ಮಗಾ" ಎಂದರು ದೊಡ್ಡಮ್ಮ. "ಅವನು ತಡ ಮಾಡಿದವನಲ್ಲ."

ಮೂರು ತಡಗಳು

ಮಾರನೇ ವಾರ ಆಶಾ ಅಕ್ಕನನ್ನು ಕೇಂದ್ರಕ್ಕೆ ಕರೆದೆವು. ಪುಸ್ತಕ ತೋರಿಸಿದೆವು. ಅವರು ಬೋರ್ಡಿನ ಮೇಲೆ ಮೂರು ಸಾಲು ಬರೆದರು.

ಮೊದಲನೇ ತಡ: ಆಸ್ಪತ್ರೆಗೆ ಹೋಗೋಣ ಎಂದು ತೀರ್ಮಾನ ಮಾಡುವುದರಲ್ಲಿ ತಡ.
ಎರಡನೇ ತಡ: ಮನೆಯಿಂದ ಆಸ್ಪತ್ರೆ ಮುಟ್ಟುವುದರಲ್ಲಿ ತಡ.
ಮೂರನೇ ತಡ: ಆಸ್ಪತ್ರೆಯಲ್ಲಿ ಸರಿಯಾದ ಚಿಕಿತ್ಸೆ ಸಿಗುವುದರಲ್ಲಿ ತಡ.

"ಹೆರಿಗೆಯಲ್ಲಿ ತಾಯಂದಿರು ಸಾಯುವುದಕ್ಕೆ ಈ ಮೂರು ತಡಗಳೇ ದೊಡ್ಡ ಕಾರಣ" ಎಂದರು ಆಶಾ ಅಕ್ಕ. "ನಿಮ್ಮ ಟ್ಯಾಕ್ಸಿ ಅಣ್ಣ ಎರಡನೇ ತಡವನ್ನು ಕಡಿಮೆ ಮಾಡಿದರು. ಮೊದಲನೇದು ಯಾರ ಕೈಯಲ್ಲಿದೆ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದು ಮನೆಯವರ ಕೈಯಲ್ಲಿದೆ. ಅತ್ತೆಯ ಕೈಯಲ್ಲಿ, ಗಂಡನ ಕೈಯಲ್ಲಿ, ನಮ್ಮ ಕೈಯಲ್ಲಿ.

ಈಗ ಅಣ್ಣನ ಕಾಲದ ಹಾಗಿಲ್ಲ. ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು 108 ಆಂಬುಲೆನ್ಸ್ ಶುರುವಾಯಿತು. 108ಕ್ಕೆ ಫೋನ್ ಮಾಡಿದರೆ ದುಡ್ಡು ಇಲ್ಲ. ಗಾಡಿಗೂ ದುಡ್ಡು ಇಲ್ಲ. 2011ರಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂತು. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ. ಆಪರೇಷನ್ ಆದರೂ ಉಚಿತ. ಔಷಧಿ, ರಕ್ತ, ಊಟ ಎಲ್ಲ ಉಚಿತ. ಹೋಗುವುದಕ್ಕೂ ವಾಪಸು ಬರುವುದಕ್ಕೂ ಗಾಡಿ ಉಚಿತ. ಇದು ದಾನ ಅಲ್ಲ. ಇದು ನಮ್ಮ ಹಕ್ಕು. ದುಡ್ಡು ಹೊಂದಿಸಿಕೊಂಡು ಹೋಗೋಣ ಎಂದು ಕಾಯಬೇಕಾಗಿಲ್ಲ.

ಇದರಿಂದೆಲ್ಲ ಏನಾಯಿತು, ನೋಡಿ. 2001-03ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಮಕ್ಕಳು ಹುಟ್ಟುವಾಗ 228 ತಾಯಂದಿರು ಸಾಯುತ್ತಿದ್ದರು. 2018-20ರ ಲೆಕ್ಕದಲ್ಲಿ ಅದು 69ಕ್ಕೆ ಇಳಿಯಿತು. ತುಂಬ ಇಳಿದಿದೆ. ಆದರೆ 69 ಎಂಬುದು ಬರೀ ಸಂಖ್ಯೆಯಲ್ಲ. ಅವರೂ ಯಾರದೋ ಮಗಳು, ಯಾರದೋ ಸೊಸೆ.

ಈ ಗುರುತುಗಳನ್ನು ಮರೆಯಬಾರದು

ಹೆರಿಗೆ ನೋವು ಶುರುವಾದ ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಕೆಳಗಿನ ಯಾವ ಗುರುತು ಕಂಡರೂ ಒಂದು ಗಳಿಗೆಯೂ ಕಾಯಬಾರದು.

1. ಬಸುರಿಗೆ ರಕ್ತ ಹೋಗುವುದು. ಸ್ವಲ್ಪ ಹೋದರೂ ಸರಿ.
2. ತುಂಬಾ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು.
3. ಫಿಟ್ಸ್ ಬರುವುದು.
4. ಜೋರು ಜ್ವರ.
5. ಹೊಟ್ಟೆಯಲ್ಲಿ ಮಗು ಅಲುಗಾಡುವುದು ಕಡಿಮೆಯಾಗುವುದು.
6. ನೋವು ಬರುವ ಮೊದಲೇ ನೀರು ಹೋಗುವುದು.
7. ನೋವು ಬಂದು 12 ಗಂಟೆ ದಾಟಿದರೂ ಹೆರಿಗೆ ಆಗದಿರುವುದು.
8. ಹೆರಿಗೆ ಆದ ಮೇಲೆ ರಕ್ತ ನಿಲ್ಲದಿರುವುದು. ಇದರಿಂದ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು.

"ನನಗೆ ಐದು ಆಗಲಿಲ್ಲವಾ" ಎಂಬ ಮಾತು ಬೇಡ. ಒಬ್ಬಳ ಹೆರಿಗೆಯ ಹಾಗೆ ಇನ್ನೊಬ್ಬಳದು ಇರುವುದಿಲ್ಲ.

ನಾವು ಏನು ಮಾಡಿದೆವು?

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ. ಫೋನು ಸಿಗುವುದಿಲ್ಲ. ಮರ ಬಿದ್ದು ರಸ್ತೆ ಕಟ್ಟುತ್ತದೆ. 108 ಗಾಡಿ ಬರುವುದು ಟಾರು ರಸ್ತೆಯ ತನಕ. ಆದ್ದರಿಂದ ಮೊದಲೇ ತಯಾರಿ ಬೇಕು.

ಪ್ರತಿ ಮನೆಯ ಗೋಡೆಯ ಮೇಲೆ ಮಸಿಯಲ್ಲಿ ದೊಡ್ಡದಾಗಿ 108 ಎಂದು ಬರೆದೆವು. ಆಶಾ ಅಕ್ಕನ ನಂಬರು ಬರೆದೆವು. ಊರಿನಲ್ಲಿ ಜೀಪು, ಆಟೋ ಇರುವ ಇಬ್ಬರ ನಂಬರು ಬರೆದೆವು. ಬಸುರಿ ಇರುವ ಮನೆಯಲ್ಲಿ ತಾಯಿ ಕಾರ್ಡು, ಬಟ್ಟೆ, ಬ್ಯಾಟರಿ ಒಂದೇ ಚೀಲದಲ್ಲಿ ಇರಬೇಕು ಎಂದು ಮಾತಾಡಿಕೊಂಡೆವು. ಮಳೆಗಾಲದಲ್ಲಿ ದಿನ ತುಂಬಿದವರು ಕೆಲವು ದಿನ ಮೊದಲೇ ರಸ್ತೆ ಬದಿಯ ನೆಂಟರ ಮನೆಗೆ ಬರಬೇಕು. "ನಮ್ಮ ಮನೆ ಇದೆಯಲ್ಲ, ಅಲ್ಲಿಗೇ ಬನ್ನಿ" ಎಂದರು ಅತ್ತಿಗೆ.

ಇನ್ನು ಸಾಲದ ಮಾತು. ಪುಸ್ತಕದಲ್ಲಿ 14 ಮನೆಗಳ ಬಾಕಿ ಇತ್ತು. ಎಲ್ಲ ಹಳೆಯ ಕಾಲದ ನೂರು, ಇನ್ನೂರು. ಇವತ್ತಿಗೆ ಆ ದುಡ್ಡಿಗೆ ಹಂಚೂ ಬರುವುದಿಲ್ಲ. ನಾವು ಸಂಘದಲ್ಲಿ ಕೂತು ಮಾತಾಡಿದೆವು. ಬಾಕಿ ಇದ್ದವರು ಕೈಲಾದಷ್ಟು ಹೆಚ್ಚು ಸೇರಿಸಿ ಕೊಟ್ಟರು. ಬಾಕಿ ಇಲ್ಲದವರು ಒಂದು ದಿನ ಬಂದು ಮಾಡಿನ ಕೆಲಸ ಮಾಡಿದರು. "ಏಳನೇ ತಿರುವು" ಮಾಡು ಹತ್ತಿ ಹಂಚು ಹೊದಿಸಿದ.

ಅತ್ತಿಗೆ ಜಗಲಿಯಲ್ಲಿ ಪುಸ್ತಕ ಬಿಡಿಸಿ ಕೂತರು. ದುಡ್ಡು ಕೊಟ್ಟವರ ಸಾಲಿನ ಮುಂದೆ ತಮ್ಮ ಕೈಯಿಂದಲೇ "ಬಂತು" ಎಂದು ಬರೆದರು. ಮೊದಲ ಅಕ್ಷರ ಸೊಟ್ಟ, ಕೊನೆಯದು ನೆಟ್ಟಗೆ. ಕಲಿಕಾ ಕೇಂದ್ರದ ಹೊರಗೆ ಅವರು ಬರೆದ ಮೊದಲ ಮಾತು ಅದು.

ದೊಡ್ಡಮ್ಮನೂ ದುಡ್ಡು ತಂದರು. ಅತ್ತಿಗೆ ಆ ಪುಟ ತೆಗೆದರು. ಬಾಡಿಗೆಯ ಜಾಗ ಖಾಲಿ ಇತ್ತು.

"ಅವರು ಬರೆಯಲಿಲ್ಲ. ನಾನು ತೆಗೆದುಕೊಳ್ಳುವುದು ಹೇಗೆ ಅಮ್ಮ?"

ಆ ದುಡ್ಡಿಗೆ ನಾವು ಒಂದು ಒಳ್ಳೆಯ ಸ್ಟ್ರೆಚರ್ ಮಾಡಿಸಿದೆವು. ಅದು ಈಗ ಹಳ್ಳದ ಈಚೆ ಕೊನೆಯ ಮನೆಯ ಜಗಲಿಯಲ್ಲಿದೆ. ಬೇಕಾದವರು ಕೇಳದೆ ತೆಗೆದುಕೊಂಡು ಹೋಗಬಹುದು.

ಟ್ಯಾಕ್ಸಿ ಅಣ್ಣ ಈಗ ಇಲ್ಲ. ಅವರ ಪ್ರಶ್ನೆ ಮಾತ್ರ ನಮ್ಮ ಊರಿನಲ್ಲಿ ಉಳಿದಿದೆ. ಯಾರಿಗೆ ನೋವು ಬಂತು ಎಂದು ಕೇಳಿದರೂ ನಾವು ಮೊದಲು ಅದನ್ನೇ ಕೇಳುತ್ತೇವೆ.

"ಎಷ್ಟು ಹೊತ್ತಾಯ್ತು?"

ಮಾತಾಡೋಣ

1. ದೊಡ್ಡಮ್ಮನ ಮನೆಯಲ್ಲಿ ತಡ ಆದದ್ದು ಯಾಕೆ? ಎರಡು ಕಾರಣ ಹೇಳಿ.
2. ಮೂರು ತಡಗಳು ಯಾವುವು?
3. ನಿಮ್ಮ ಊರಿನಲ್ಲಿ ಟ್ಯಾಕ್ಸಿ ಅಣ್ಣನ ಹಾಗೆ ಕಷ್ಟಕ್ಕೆ ಆದವರು ಯಾರು? ಅವರ ಕಥೆ ಹೇಳಿ.

ಲೆಕ್ಕ ಮಾಡೋಣ

1. ಬಾಕಿ ಇದ್ದ 14 ಮನೆಗಳಲ್ಲಿ 6 ಮನೆಗಳದು ತಲಾ 150 ರೂಪಾಯಿ. 5 ಮನೆಗಳದು ತಲಾ 200 ರೂಪಾಯಿ. 3 ಮನೆಗಳದು ತಲಾ 250 ರೂಪಾಯಿ. ಒಟ್ಟು ಎಷ್ಟು?
2. ಬೆಳಗ್ಗೆ 5 ಗಂಟೆಗೆ ನೋವು ಬಂತು. 12 ಗಂಟೆ ಆಗುವುದು ಯಾವಾಗ? ಅಲ್ಲಿಯವರೆಗೆ ಮನೆಯಲ್ಲಿ ಕಾಯಬಹುದೇ?

ಬರೆಯೋಣ

ಆಂಬುಲೆನ್ಸ್ ನಂಬರು: ..........
ನಮ್ಮ ಆಶಾ ಕಾರ್ಯಕರ್ತೆಯ ನಂಬರು: ..........
ಗಾಡಿ ಇರುವ ಇಬ್ಬರ ನಂಬರು: ..........
ಇದನ್ನು ನಿಮ್ಮ ಮನೆಯ ಗೋಡೆಯ ಮೇಲೂ ಬರೆಯಿರಿ.