ನೂರು ಪ್ರಶ್ನೆ, ಹನ್ನೆರಡು ಜನ: ಜ್ಯೂರಿ ಪ್ರಶ್ನಾವಳಿ ಅಂದ್ರೇನು?

ಕಳೆದ ಸೆಮಿಸ್ಟರಿನ ಮಿಡ್‌ಟರ್ಮ್ ವಾರದಲ್ಲೇ ನಮ್ಮ ಅಪಾರ್ಟ್‌ಮೆಂಟಿಗೆ ಕೌಂಟಿ ಕೋರ್ಟಿನಿಂದ ಒಂದು ಲಕೋಟೆ ಬಂತು. ಮೇಲೆ ನಮ್ಮ ರೂಮ್‌ಮೇಟ್ ಹೆಸರು. ನಾಲ್ಕೂ ಜನರ ಎದೆ ಢವಢವ. ಪಾರ್ಕಿಂಗ್ ದಂಡ ಕಟ್ಟಿಲ್ವಾ, ವೀಸಾದಲ್ಲಿ ಏನಾದ್ರೂ ಎಡವಟ್ಟಾ ಅಂತ ಯೋಚಿಸೋದ್ರಲ್ಲೇ ಅರ್ಧ ಗಂಟೆ ಹೋಯ್ತು. ಒಡೆದು ನೋಡಿದರೆ ಜ್ಯೂರಿ ಸೇವೆಗೆ ಕರೆ!

ಅಮೆರಿಕದ ಪ್ರಜೆಯಲ್ಲದವರು ಇಲ್ಲಿ ಜ್ಯೂರಿಯಲ್ಲಿ ಕೂರುವಂತಿಲ್ಲ. ಆದರೆ ಅನೇಕ ರಾಜ್ಯಗಳು ಮತದಾರರ ಪಟ್ಟಿಯ ಜೊತೆಗೆ ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದಲೂ ಹೆಸರು ಎತ್ತುವುದರಿಂದ ನಮ್ಮಂಥವರಿಗೂ ಕಾಗದ ಬರುತ್ತದೆ. ಪ್ರಜೆಯಲ್ಲ ಎಂಬ ಚೌಕಕ್ಕೆ ಗುರುತು ಹಾಕಿ ವಾಪಸ್ ಕಳಿಸಿದರೆ ಆಯ್ತು. ಹೊಸದಾಗಿ ಬಂದಿರುವ ಜೂನಿಯರ್‌ಗಳಿಗೆ ಒಂದು ಮಾತು: ಲಕೋಟೆಯನ್ನು ಕಸದಬುಟ್ಟಿಗೆ ಹಾಕಬೇಡಿ, ಆ ಚೌಕವನ್ನು ತಪ್ಪಾಗಿ ತುಂಬಲೂ ಬೇಡಿ. ಪ್ರಜೆ ಅಂತ ಸುಳ್ಳು ಹೇಳಿದರೆ ವೀಸಾಕ್ಕೇ ಕುತ್ತು.

ಅದು ಅರ್ಹತೆ ನೋಡುವ ಫಾರ್ಮ್ ಮಾತ್ರ. ದೊಡ್ಡ ಕ್ರಿಮಿನಲ್ ಕೇಸುಗಳಲ್ಲಿ ಇನ್ನೊಂದು ಫಾರ್ಮ್ ಇರುತ್ತದೆ, ಆ ಕೇಸಿಗಾಗಿಯೇ ಬರೆದ ಪ್ರಶ್ನಾವಳಿ. ಸರ್ವೆ ಪ್ರಶ್ನೆಗಳನ್ನು ಹೇಗೆ ಬರೆಯಬೇಕು ಎಂಬ ಕೋರ್ಸನ್ನು ಆಗಷ್ಟೇ ಮುಗಿಸಿದ್ದ ನಮಗೆ ಇದರ ಹುಚ್ಚು ಹಿಡಿಯಿತು.

ಜ್ಯೂರಿ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ನಾನಾವತಿ ಕೇಸು. 1959ರಲ್ಲಿ ಬಾಂಬೆಯ ಜ್ಯೂರಿ 8–1ರಲ್ಲಿ ನಿರ್ದೋಷಿ ಅಂದಿತು, ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಬ್ಲಿಟ್ಜ್ ಪತ್ರಿಕೆ ನಾನಾವತಿ ಪರ ಎಷ್ಟು ಅಬ್ಬರ ಮಾಡಿತ್ತೆಂದು ಎಲ್ಲರಿಗೂ ಗೊತ್ತು. ಭಾರತ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಯನ್ನೇ ಕೈಬಿಟ್ಟಿತು. ಅಮೆರಿಕ ಕೈಬಿಡುವಂತಿಲ್ಲ: ನಿಷ್ಪಕ್ಷಪಾತ ಜ್ಯೂರಿ ಆರೋಪಿಯ ಹಕ್ಕು ಎಂದು ಸಂವಿಧಾನದ 6ನೇ ತಿದ್ದುಪಡಿಯೇ ಹೇಳುತ್ತದೆ. ಹಾಗಾಗಿ ಇಲ್ಲಿ ಇಡೀ ಕಷ್ಟ, ಜನರನ್ನು ಆರಿಸುವುದು ಹೇಗೆ ಅನ್ನೋದರಲ್ಲಿದೆ.

ಕರೆಸಿದವರನ್ನು ನ್ಯಾಯಾಧೀಶರೂ ವಕೀಲರೂ ಪ್ರಶ್ನಿಸುವ ಹಂತಕ್ಕೆ 'ವಾರ್ ಡೀರ್' ಅನ್ನುತ್ತಾರೆ. ಹೊರಹೋಗಲು ಎರಡು ಬಾಗಿಲು. ಪೂರ್ವಗ್ರಹ ಇದೆ ಅಂತ ಕಾರಣ ತೋರಿಸಿ ತೆಗೆಯುವುದು ಒಂದು, ಇದಕ್ಕೆ ಲೆಕ್ಕದ ಮಿತಿ ಇಲ್ಲ. ಕಾರಣವನ್ನೇ ಹೇಳದೆ ತೆಗೆಯುವುದು ಇನ್ನೊಂದು, ಇದಕ್ಕೆ ಮಿತಿ ಇದೆ: ಫೆಡರಲ್ ಕೋರ್ಟಿನ ಗಂಭೀರ ಅಪರಾಧದ ಕೇಸಿನಲ್ಲಿ ಸರ್ಕಾರಕ್ಕೆ 6, ಆರೋಪಿಗೆ 10, ಮರಣದಂಡನೆಯ ಕೇಸಾದರೆ ಇಬ್ಬರಿಗೂ 20. (ಅರಿಜೋನಾ 2022ರಿಂದ ಎರಡನೆಯ ಬಾಗಿಲನ್ನೇ ಮುಚ್ಚಿದೆ.)

ಬಾಯಲ್ಲೇ ಕೇಳಿದರೆ ಸಾಲದಾ? ಸಾಲದು. ನಮ್ಮ ರಾಜ್ಯೋತ್ಸವದ ದಿನ ವೇದಿಕೆಯಿಂದ "ಊಟ ಹೇಗಿತ್ತು?" ಅಂದಾಗ ಎಲ್ಲರೂ "ಸೂಪರ್!" ಅಂದಿದ್ರಿ. ಮಾರನೇ ದಿನ ಗೂಗಲ್ ಫಾರ್ಮಿನಲ್ಲಿ ಬಿಸಿಬೇಳೆಬಾತಿಗೆ ಉಪ್ಪೇ ಇರಲಿಲ್ಲ ಅಂತ ಪುಟಗಟ್ಟಲೆ ಬರೆದವರೂ ನೀವೇ. ಅಪರಿಚಿತರು ತುಂಬಿದ ಹಾಲಿನಲ್ಲಿ "ನಿಮ್ಮಲ್ಲಿ ಯಾರಾದರೂ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದೀರಾ?" ಅಂದರೆ ಯಾರು ಕೈ ಎತ್ತುತ್ತಾರೆ? ಕಾಗದದ ಮೇಲಾದರೆ ಬರೆಯುವ ಸಾಧ್ಯತೆ ಹೆಚ್ಚು. ಮೊದಲು ಮಾತಾಡಿದವರ ಉತ್ತರ ಕೇಳಿ ಉಳಿದವರು ತಮ್ಮದನ್ನು ತಿದ್ದಿಕೊಳ್ಳುವುದೂ ತಪ್ಪುತ್ತದೆ.

ಪ್ರಶ್ನೆಯನ್ನು ಯಾವ ರೂಪದಲ್ಲಿ ಕೇಳುತ್ತೀರಿ ಅನ್ನೋದು ಇನ್ನೂ ಮುಖ್ಯ. ಇಂಡಿಯಾನಾದ ಇರ್ವಿನ್ ಎಂಬಾತನ ಕೊಲೆ ಕೇಸಿನಲ್ಲಿ 430 ಜನರನ್ನು ಕರೆಸಿ, ಆಗಲೇ ತೀರ್ಮಾನಕ್ಕೆ ಬಂದಿದ್ದಾರೆಂದು 268 ಜನರನ್ನು ತೆಗೆದಿದ್ದರು. ಕೊನೆಗೆ ಕೂತ 12 ಜನರಲ್ಲೂ 8 ಮಂದಿ ಆತ ತಪ್ಪಿತಸ್ಥ ಅಂತ ಮೊದಲೇ ಅಂದುಕೊಂಡಿದ್ದರು. ನಿಷ್ಪಕ್ಷಪಾತವಾಗಿ ಇರ್ತೀರಾ ಅಂದಾಗ ಮಾತ್ರ ಎಲ್ಲರದೂ ಹೌದು! 1961ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಕೇಸಿನ ಸುದ್ದಿಯನ್ನೇ ಕೇಳದವರು ಬೇಕು ಎಂದೇನೂ ಕೋರ್ಟ್ ಹೇಳಲಿಲ್ಲ. ಕೇಳಿದ್ದನ್ನು ಪಕ್ಕಕ್ಕಿಟ್ಟು ಸಾಕ್ಷ್ಯ ನೋಡಿ ತೀರ್ಮಾನಿಸುವವರು ಬೇಕು ಎಂದಿತು.

ಇದನ್ನು ನಾವು ಅಡುಗೆಮನೆಯಲ್ಲೇ ಪರೀಕ್ಷಿಸಿದೆವು. ಮೊದಲ ಪ್ರಶ್ನೆ: "ಪೊಲೀಸರ ಸಾಕ್ಷ್ಯವನ್ನು ಬೇರೆಯವರ ಸಾಕ್ಷ್ಯದಂತೆಯೇ ತೂಗಿ ನೋಡುತ್ತೀರಾ?" ನಾಲ್ಕೂ ಜನ ಹೌದು. ಎರಡನೆಯದು: "ನಿಮಗೋ ನಿಮ್ಮ ಮನೆಯವರಿಗೋ ಪೊಲೀಸರ ಜೊತೆ ಆದ ಅನುಭವ ಬರೆಯಿರಿ." ಒಬ್ಬ, ಅಪ್ಪ ಹೆಡ್ ಕಾನ್‌ಸ್ಟೇಬಲ್, ಹಬ್ಬದ ದಿನ ಅವರು ಮನೆಯಲ್ಲಿದ್ದ ನೆನಪೇ ಇಲ್ಲ ಅಂತ ಬರೆದ. ಇನ್ನೊಬ್ಬ ಊರಿನಲ್ಲಿ ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ಎಷ್ಟು ಸಲ ಅಲೆದಾಡಿಸಿದರು ಅಂತ ಅರ್ಧ ಪುಟ ತುಂಬಿಸಿದ. ಮೊದಲ ಸಲ ಇಬ್ಬರೂ ಸುಳ್ಳು ಹೇಳಿರಲಿಲ್ಲ, ಆ ಪ್ರಶ್ನೆ ಅವರನ್ನು ಅಲ್ಲಿಗೆ ಕರೆದುಕೊಂಡೇ ಹೋಗಿರಲಿಲ್ಲ. ಇಂಥ ಉತ್ತರ ಬರೆದರೆಂದು ಯಾರನ್ನೂ ತಕ್ಷಣ ಕೈಬಿಡುವುದಿಲ್ಲ. ಮುಂದೆ ಒಬ್ಬೊಬ್ಬರನ್ನೇ ಏನು ಕೇಳಬೇಕು ಅಂತ ಅದರಿಂದ ಗೊತ್ತಾಗುತ್ತದೆ, ಅಷ್ಟೇ.

ಒಂದೇ ಒಂದು ಪ್ರಶ್ನೆಗೆ ಎಷ್ಟು ಬೆಲೆ? 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ಕೇಸು ನೋಡಿ. ಇಡೀ ನಗರವೇ ಆ ಘಟನೆಯಲ್ಲಿ ನೊಂದಿತ್ತು, ವಿಚಾರಣೆ ನಡೆದದ್ದೂ ಅದೇ ನಗರದಲ್ಲಿ. 2015ರಲ್ಲಿ 1,373 ಜನರಿಂದ 100 ಪ್ರಶ್ನೆಗಳ ಫಾರ್ಮ್ ತುಂಬಿಸಿದರು. ಅದರಿಂದ 256 ಜನರನ್ನು ಮಾತ್ರ ಕರೆದು ಮೂರು ವಾರ ಪ್ರಶ್ನಿಸಿದರು. ಕೇಸಿನ ಬಗ್ಗೆ ಏನೇನು ಕೇಳಿದ್ದೀರಿ, ಓದಿದ್ದೀರಿ, ಬರೆಯಿರಿ ಎಂಬ ಪ್ರಶ್ನೆಯನ್ನೂ ಹಾಕಬೇಕೆಂಬ ಸಲಹೆ ಬಂದಿತ್ತು. ಅದಕ್ಕೆ ಗೊತ್ತು ಗುರಿ ಇಲ್ಲ, ಉತ್ತರಗಳನ್ನು ನಿಭಾಯಿಸಲಾಗದು ಅಂತ ನ್ಯಾಯಾಧೀಶರು ತೆಗೆದುಬಿಟ್ಟರು. ಯಾವ ಮಾಧ್ಯಮ ನೋಡುತ್ತೀರಿ, ಅಭಿಪ್ರಾಯ ಮಾಡಿಕೊಂಡಿದ್ದೀರಾ ಎಂಬ ಪ್ರಶ್ನೆಗಳು ಉಳಿದವು. ಆರೋಪಿ ಜೋಹರ್ ಸರ್ನಾಯೆವ್‌ಗೆ ಮರಣದಂಡನೆ ಆಯಿತು. 2020ರಲ್ಲಿ ಮೇಲ್ಮನವಿ ಕೋರ್ಟ್, ಆ ಬಗೆಯ ಪ್ರಶ್ನೆ ಕೇಳದಿದ್ದುದನ್ನೂ ಒಂದು ಕಾರಣವಾಗಿ ಹೇಳಿ ಮರಣದಂಡನೆಯನ್ನು ತಳ್ಳಿಹಾಕಿತು. 2022ರಲ್ಲಿ ಸುಪ್ರೀಂ ಕೋರ್ಟ್, ಯಾವ ಪ್ರಶ್ನೆ ಕೇಳಬೇಕೆಂಬುದು ವಿಚಾರಣಾ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು ಅಂತ 6–3ರಲ್ಲಿ ಮರಳಿ ಎತ್ತಿಹಿಡಿಯಿತು. ಕಥೆ ಅಲ್ಲಿಗೂ ಮುಗಿಯಲಿಲ್ಲ. ಇಬ್ಬರು ಜ್ಯೂರಿ ಸದಸ್ಯರ ಉತ್ತರಕ್ಕೂ ಅವರ ಸೋಶಿಯಲ್ ಮೀಡಿಯಾಕ್ಕೂ ತಾಳೆಯಾಗುತ್ತಿಲ್ಲ ಎಂಬ ಆರೋಪವನ್ನು ತನಿಖೆ ಮಾಡಿ ಅಂತ 2024ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು. ನಮ್ಮನ್ನು ಕೇಳಿದರೆ ಆ ಪ್ರಶ್ನೆ ಇರಬೇಕಿತ್ತು. ಸಾವಿರಾರು ಬಿಡಿ ಉತ್ತರಗಳನ್ನು ಓದೋದು ಎಷ್ಟು ಗೋಳು ಅಂತ ಪ್ರಾಜೆಕ್ಟ್ ಮಾಡಿದ ನಮಗೂ ಗೊತ್ತು, ಆದರೂ ಒಬ್ಬನ ಪ್ರಾಣದ ವಿಷಯದಲ್ಲಿ ಆ ಗೋಳನ್ನು ಪಡಬೇಕು.

ಹಾಗಂತ ಫಾರ್ಮೇ ನ್ಯಾಯ ಕೊಡಿಸುತ್ತೆ ಅಂತಲ್ಲ. ಜಾರ್ಜಿಯಾದಲ್ಲಿ 1987ರಲ್ಲಿ ಫಾಸ್ಟರ್ ಎಂಬ ಕಪ್ಪು ಯುವಕನ ವಿಚಾರಣೆ ನಡೆದು ಮರಣದಂಡನೆ ಆಯಿತು. ಜ್ಯೂರಿಯಲ್ಲಿ ಒಬ್ಬ ಕಪ್ಪು ವ್ಯಕ್ತಿಯೂ ಇರಲಿಲ್ಲ. ವರ್ಷಗಳ ಮೇಲೆ ಸರ್ಕಾರಿ ವಕೀಲರ ಕಡತ ಹೊರಬಂತು. ಪಟ್ಟಿಯಲ್ಲಿ ಕಪ್ಪು ಜನರ ಹೆಸರಿಗೆಲ್ಲ ಹಸಿರು ಬಣ್ಣ, ಪಕ್ಕದಲ್ಲಿ 'ಬಿ' ಎಂಬ ಅಕ್ಷರ. ಪ್ರಶ್ನಾವಳಿಯ ಪ್ರತಿಗಳಲ್ಲಿ ಜನಾಂಗದ ಉತ್ತರದ ಸುತ್ತ ಪೆನ್ನಿನಿಂದ ಎಳೆದ ವೃತ್ತ. ಜನಾಂಗ ನೋಡಿ ಜನರನ್ನು ತೆಗೆಯುವುದು 1986ರ ಬ್ಯಾಟ್ಸನ್ ತೀರ್ಪಿನಿಂದಲೇ ನಿಷಿದ್ಧವಾಗಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ 7–1ರಲ್ಲಿ ಫಾಸ್ಟರ್ ಪರ ನಿಂತಿತು. ಪೂರ್ವಗ್ರಹ ಹುಡುಕಲು ಮಾಡಿದ ಕಾಗದದ ಮೇಲೆಯೇ ಪೂರ್ವಗ್ರಹದ ಶಾಯಿ! ಅದೇ ಕಾಗದ ಉಳಿದದ್ದರಿಂದ ಸಾಕ್ಷಿಯೂ ಸಿಕ್ಕಿತು ಅನ್ನಿ.

ನಮ್ಮ ಸಂಘದ ಅಕ್ಕ ಒಬ್ಬರಿಗೆ ಎರಡು ವರ್ಷದ ಹಿಂದೆ ಪೌರತ್ವ ಸಿಕ್ಕಿತ್ತು, ಈ ವಸಂತದಲ್ಲಿ ಎರಡನೇ ಬಗೆಯ ಫಾರ್ಮ್ ಬಂತು. ಯಾರೊಂದಿಗೂ ಚರ್ಚಿಸಬಾರದು ಅಂತ ಸೂಚನೆ ಇದ್ದುದರಿಂದ ಎಲ್ಲ ಮುಗಿದ ಮೇಲಷ್ಟೇ ನಮಗೆ ಹೇಳಿದರು. "ಆಫೀಸ್ ಗಡಿಬಿಡಿಲಿ ಎಲ್ಲಾ 'ಇಲ್ಲ' ಅಂತ ಟಿಕ್ ಹಾಕಿ ಕಳಿಸೋಣ ಅಂತಿದ್ದೆ ಕಣ್ರೋ. ಆಮೇಲೆ ಮನಸ್ಸು ತಡೀಲಿಲ್ಲ." ಹಿಂದೊಮ್ಮೆ ಮನೆಗೆ ಕಳ್ಳರು ನುಗ್ಗಿದ್ದನ್ನೂ, ಇವತ್ತಿಗೂ ರಾತ್ರಿ ಬಾಗಿಲು ಸದ್ದಾದರೆ ಎದ್ದು ಕೂರುವುದನ್ನೂ ಬರೆದರಂತೆ. ಕೋರ್ಟಿನಲ್ಲಿ ನ್ಯಾಯಾಧೀಶರು ಪಕ್ಕಕ್ಕೆ ಕರೆದು ಮೆಲ್ಲಗೆ ನಾಲ್ಕು ಪ್ರಶ್ನೆ ಕೇಳಿ, ಧನ್ಯವಾದ ಹೇಳಿ ಮನೆಗೆ ಕಳಿಸಿದರು. ಆ ಕೇಸು ರಾತ್ರಿ ಮನೆಗೆ ನುಗ್ಗಿದ್ದರದ್ದೇ ಆಗಿತ್ತು.