ಹಳೆ ಕ್ಯಾಲೆಂಡರಿನಿಂದ ಜಪಮಾಲೆಯ ಮಣಿ

ಅಕ್ಟೋಬರ್ ಜಪಮಾಲೆಯ ತಿಂಗಳು. ಅದಕ್ಕೆ ಮುಂಚೆ ಯುವಜನರಾದ ನಾವು ಕಾಗದದ ಮಣಿ ಮಾಡಲು ಕಲಿಯೋಣ. ತೊರಪಲ್ಲಿ ಅಗ್ರಹಾರದ ನಮ್ಮ ಮನೆಗಳಲ್ಲಿ ತಮಿಳು, ತೆಲುಗು, ಕನ್ನಡ ಕ್ಯಾಲೆಂಡರುಗಳಿಗೇನೂ ಬರವಿಲ್ಲ. ಸಂತರ ಚಿತ್ರಕ್ಕೆ ಕತ್ತರಿ ಹಾಕುವುದು ಬೇಡ, ತಾರೀಖಿನ ಹಾಳೆ ಸಾಕು.

30 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸೋಣ. ಒಂದು ತುದಿ 1 ಸೆಂ.ಮೀ. ಅಗಲ, ಇನ್ನೊಂದು ಚೂಪು. ಅಗಲದ ತುದಿಯಿಂದ ತೆಳು ಕಡ್ಡಿಗೆ ಬಿಗಿಯಾಗಿ ಸುತ್ತಬೇಕು. ಮೊದಲ ಸುತ್ತು ಮುಗಿದ ಮೇಲಷ್ಟೇ ಅಂಟು, ಇಲ್ಲವಾದರೆ ಮಣಿ ಕಡ್ಡಿ ಬಿಟ್ಟು ಬರುವುದಿಲ್ಲ!

ಜಪಮಾಲೆಗೆ 59 ಮಣಿ: 53 ಚಿಕ್ಕವು, 6 ದೊಡ್ಡವು. ಪಟ್ಟಿಯ ಉದ್ದ ಎರಡು ಪಟ್ಟಾದರೆ ಮಣಿಯ ದಪ್ಪ ಎರಡು ಪಟ್ಟಾಗದು, ಸುಮಾರು 1.4 ಪಟ್ಟು ಮಾತ್ರ. ಮಣಿ ದಪ್ಪವಾದಂತೆ ಪ್ರತಿ ಸುತ್ತಿಗೂ ಹೆಚ್ಚು ಕಾಗದ ಹಿಡಿಯುತ್ತದೆ. ಈ ಲೆಕ್ಕ ಏಕೆಂದರೆ, ಕಣ್ಣು ಮಂಜಾದ ಅಜ್ಜಿಯರು ಎಣಿಸುವುದು ಬೆರಳಿನಿಂದಲೇ. ದೊಡ್ಡ ಮಣಿ ಅವರ ಬೆರಳಿಗೆ ಥಟ್ಟನೆ ಗೊತ್ತಾಗಬೇಕು. ಆದ್ದರಿಂದ ಅದಕ್ಕೆ ಎರಡು ಪಟ್ಟಿ ಜೋಡಿಸಿ 60 ಸೆಂ.ಮೀ. ಮಾಡಿ, ಅಗಲವನ್ನೂ ಒಂದೂವರೆ ಸೆಂ.ಮೀ.ಗೆ ಏರಿಸೋಣ.

ಬರೀ ಅಂಟಿನ ಮಣಿ ಕೈಬೆವರಿಗೆ ಮೆತ್ತಗಾಗುತ್ತದೆ. ಎರಡು ಸಲ ವಾರ್ನಿಶ್ ಬಳಿದು, ಪ್ರತಿ ಸಲವೂ ಒಂದು ರಾತ್ರಿ ಆರಲು ಬಿಡಬೇಕು. ಪೋಣಿಸಲು ನೈಲಾನ್ ದಾರವೇ ಇರಲಿ.